ಶಾಂತಿ ನಮ್ಮನ್ನು ಕಾಯುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದೇ ಪ್ರಶ್ನೆಯನ್ನು ಒಂದು ಕಾಲದಲ್ಲಿ ನಾನೂ ಕೇಳಿಕೊಂಡಿದ್ದೆ.

ಪ್ರಶ್ನೆ: ಅಕ್ಕಾ, ನನಗೀಗ ಮೂವತ್ತೆಂಟು ವರ್ಷ. ಮೂರು ವರ್ಷದ ಹಿಂದೆ ಯೇಸುವನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡೆ. ಮೊದಲ ಏಳೆಂಟು ತಿಂಗಳು ನನ್ನೊಳಗಿದ್ದ ನೆಮ್ಮದಿಯನ್ನು ಬಾಯಲ್ಲಿ ಹೇಳೋಕಾಗಲ್ಲ. ಪ್ರಾರ್ಥನೆಗೆ ಕೂತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಈಗ ಅದೆಲ್ಲ ಹೋಗಿದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಎದೆ ಡವಡವ ಅನ್ನುತ್ತದೆ. ಕೆಲಸ ಹೋದರೆ ಏನು ಗತಿ, ಅಪ್ಪನಿಗೆ ಏನಾದರೂ ಆದರೆ ಏನು ಗತಿ, ಹೀಗೇ ಬೆಳಗಾಗುತ್ತದೆ. ಬೈಬಲ್ ತೆರೆದರೆ ಬರೀ ಅಕ್ಷರ ಕಾಣುತ್ತದೆ. ಸಭೆಯಲ್ಲಿ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. 'ಒಳಗೆ ಯಾವುದೋ ಪಾಪ ಮುಚ್ಚಿಟ್ಟಿದ್ದೀಯ, ಅದಕ್ಕೇ ಶಾಂತಿ ಹೋಗಿದೆ' ಅಂದರು. ಹುಡುಕಿ ಹುಡುಕಿ ಸುಸ್ತಾಗಿದ್ದೇನೆ. ನನ್ನ ನಂಬಿಕೆಯೇ ಸುಳ್ಳಾ? ಬಂದು ಹೋಗದೆ ಉಳಿಯುವ ಶಾಂತಿ ಅಂತ ಒಂದು ಇದೆಯಾ?
— ಹೆಸರು ಬೇಡ

ಉತ್ತರ: ಅಕ್ಕ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ ತಂಗಿ.

ನಾನು ಮೂವತ್ತೊಂದು ವರ್ಷ ನರ್ಸ್ ಕೆಲಸ ಮಾಡಿದವಳು. ಅದರಲ್ಲಿ ಅರ್ಧದಷ್ಟು ನೈಟ್ ಡ್ಯೂಟಿ. ರಾತ್ರಿ ಮೂರು ಗಂಟೆ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಹಗಲೆಲ್ಲ ಧೈರ್ಯವಾಗಿದ್ದ ರೋಗಿಗಳು ಆ ಹೊತ್ತಿಗೆ ಬೆಲ್ ಒತ್ತುತ್ತಿದ್ದರು. ಹೋಗಿ ಕೇಳಿದರೆ ನೋವಿಲ್ಲ, ನೀರು ಬೇಡ. 'ಸುಮ್ನೆ ಕರೆದೆ ಸಿಸ್ಟರ್' ಅನ್ನುತ್ತಿದ್ದರು. ಆ ಹೊತ್ತಿನಲ್ಲಿ ಎಲ್ಲ ಭಯವೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಮೂರು ಗಂಟೆಗೆ ಬಂದ ಯೋಚನೆಯನ್ನು ಹಿಡಿದುಕೊಂಡು ನಿನ್ನ ನಂಬಿಕೆ ನಿಜವೋ ಸುಳ್ಳೋ ಅಂತ ತೀರ್ಮಾನ ಮಾಡಬೇಡ.

ಆ ಹಿರಿಯರ ಮಾತನ್ನು ಮೊದಲು ಬದಿಗಿಡು. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ಬೈಬಲಿನಲ್ಲಿ, ಎಲ್ಲ ಕಳೆದುಕೊಂಡು ಕೂತಿದ್ದ ಯೋಬನಿಗೆ ಅವನ ಸ್ನೇಹಿತರೂ ಹೀಗೇ ಹೇಳಿದ್ದರು. ಕಷ್ಟ ಬಂದಿದೆ ಅಂದರೆ ಒಳಗೆ ಪಾಪ ಇದೆ ಅಂತ ಅಧ್ಯಾಯಗಟ್ಟಲೆ ವಾದ ಮಾಡಿದರು. ಕೊನೆಗೆ ದೇವರು ಸಿಟ್ಟಾಗಿದ್ದು ಆ ಸ್ನೇಹಿತರ ಮೇಲೆ, ನನ್ನ ವಿಷಯವಾಗಿ ನೀವು ಸರಿಯಾಗಿ ಮಾತಾಡಲಿಲ್ಲ ಅಂತ. ಇನ್ನೊಂದು ಮಾತು. ದೇವರು ಪಾಪವನ್ನು ತೋರಿಸುವಾಗ ಹೆಸರು ಹಿಡಿದು ತೋರಿಸುತ್ತಾನೆ. ತಪ್ಪು ಮಾಡಿದ್ದ ಅರಸ ದಾವೀದನ ಮುಂದೆ ಪ್ರವಾದಿ ನಾತಾನ ನಿಂತಾಗ, ಅರಸ ಏನು ಮಾಡಿದ್ದ ಅಂತ ಬಿಡಿಸಿ ಹೇಳಿದ. ಮಾಡಿದ ತಪ್ಪು ಗೊತ್ತಾದ ಕೂಡಲೇ ತಿರುಗಿ ಬರಲು ದಾರಿಯೂ ಕಾಣಿಸಿತು. 'ಏನೋ ಇದೆ, ಇನ್ನೂ ಏನೋ ಇದೆ' ಅಂತ ಹೆಸರಿಲ್ಲದೆ ಕಾಡುವ ದನಿಗೆ ಕಿವಿ ಕೊಡಬೇಡ. ಅದು ಕುಗ್ಗಿಸುತ್ತದೆ, ಅಷ್ಟೇ. ಗೊತ್ತಿರುವ ತಪ್ಪು ಇದ್ದರೆ ಹೇಳಿಕೋ. ಇಲ್ಲದಿದ್ದರೆ ಹುಡುಕೋದು ನಿಲ್ಲಿಸು.

ಹಾಗಾದರೆ ಆ ಮೊದಲ ತಿಂಗಳುಗಳ ನೆಮ್ಮದಿ ಎಲ್ಲಿ ಹೋಯಿತು?

131ನೇ ಕೀರ್ತನೆ ತೆಗೆ. ಬರೀ ಮೂರು ವಚನ. ಅದರಲ್ಲಿ ಹಾಡುವವನು ತನ್ನ ಮನಸ್ಸು ಸಮಾಧಾನವಾಗಿದೆ ಅಂತ ಹೇಳಲು ಕೂಸಿನ ಚಿತ್ರ ಕೊಡುತ್ತಾನೆ. ಯಾವ ಕೂಸು ಅಂತ ಗಮನಿಸು. ಮೊಲೆ ಕುಡಿದು ಹೊಟ್ಟೆ ತುಂಬಿ ಮಲಗಿದ ಕೂಸಲ್ಲ. ಮೊಲೆ ಬಿಡಿಸಿದ ಕೂಸು. ಎಷ್ಟೋ ವರ್ಷ ಇದನ್ನು ಓದುತ್ತಲೇ ಇದ್ದೆ, ಆ ಒಂದು ಪದ ಕಣ್ಣಿಗೆ ಬಿದ್ದಿರಲಿಲ್ಲ.

ನನ್ನ ಮಗಳಿಗೆ ಮೊಲೆ ಬಿಡಿಸಿದಾಗ ಅವಳಿಗೆ ಎರಡು ವರ್ಷ ತುಂಬಿರಲಿಲ್ಲ. ನಾಲ್ಕು ರಾತ್ರಿ ಅತ್ತಳು. ಎತ್ತಿಕೊಂಡರೆ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹಿಂದಕ್ಕೆ ಸೆಟೆದುಕೊಳ್ಳುತ್ತಿದ್ದಳು. ಎದೆಯ ಹತ್ತಿರ ಮೂಗು ತಂದು ವಾಸನೆ ಹಿಡಿಯುವಳು, ಬೇಕಾದ್ದು ಸಿಗದೆ ನನ್ನ ಕೆನ್ನೆ ಪರಚುವಳು. ಅಮ್ಮ ತನ್ನನ್ನು ಬಿಟ್ಟೇಬಿಟ್ಟಳು ಅಂತಲೇ ಅವಳಿಗೆ ಅನ್ನಿಸಿರಬೇಕು. ಆದರೆ ಆ ನಾಲ್ಕು ರಾತ್ರಿ ಅವಳನ್ನು ಎತ್ತಿಕೊಂಡು ಓಡಾಡಿದಷ್ಟು ನಾನು ಇನ್ಯಾವತ್ತೂ ಓಡಾಡಿಲ್ಲ. ಐದನೇ ರಾತ್ರಿ ಅವಳು ಏನನ್ನೂ ಹುಡುಕಲಿಲ್ಲ. ಬಂದಳು, ನನ್ನ ಹೆಗಲಿಗೆ ಕೆನ್ನೆ ಒರಗಿಸಿದಳು, ಎರಡು ಸಲ ಬಿಕ್ಕಿದಳು, ಮಲಗಿದಳು. ಅಷ್ಟು ದಿನ ಹಾಲಿಗೆ ಬರುತ್ತಿದ್ದ ಮಗು ಅವತ್ತು ನನಗೋಸ್ಕರ ಬಂದಿತ್ತು.

ನಿನಗೆ ಮೊದಲ ಏಳೆಂಟು ತಿಂಗಳು ಸಿಕ್ಕಿದ್ದು ಹಾಲು. ಅದು ಸುಳ್ಳಲ್ಲ, ದೇವರೇ ಕೊಟ್ಟಿದ್ದು. ಈಗ ನೀನಿರುವುದು ಆ ನಾಲ್ಕು ರಾತ್ರಿಗಳಲ್ಲಿ ಅಂತ ನನಗನ್ನಿಸುತ್ತದೆ. ಹಿತವಾದ ಭಾವನೆ ದೂರವಾಗಿದೆ, ಎತ್ತಿಕೊಂಡ ಕೈ ದೂರವಾಗಿಲ್ಲ.

'ಅದು ಹೇಗೆ ನಂಬಲಿ, ನನಗೆ ಕೈ ಕಾಣಿಸ್ತಾ ಇಲ್ವಲ್ಲ' ಅಂತ ನೀನು ಕೇಳಬಹುದು. ಯೋಹಾನನ ಸುವಾರ್ತೆ 20ನೇ ಅಧ್ಯಾಯದಲ್ಲಿ ಒಂದು ಸಣ್ಣ ವಿವರ ಇದೆ. ಯೇಸು ಸತ್ತಿದ್ದಾನೆ, ಶಿಷ್ಯರು ಹೆದರಿ ಒಂದು ಮನೆಯೊಳಗೆ ಬಾಗಿಲು ಭದ್ರ ಮಾಡಿಕೊಂಡು ಕೂತಿದ್ದಾರೆ. ಎದ್ದು ಬಂದ ಯೇಸು ಅವರ ನಡುವೆ ನಿಂತು ನಿಮಗೆ ಶಾಂತಿಯಾಗಲಿ ಅನ್ನುತ್ತಾನೆ. ಅಂದ ತಕ್ಷಣ ಏನು ಮಾಡುತ್ತಾನೆ? ಮೊಳೆ ಹೊಡೆದ ಕೈಗಳನ್ನೂ ತಿವಿದ ಪಕ್ಕೆಯನ್ನೂ ತೋರಿಸುತ್ತಾನೆ. ಶಾಂತಿಯ ಮಾತಿನ ಪಕ್ಕದಲ್ಲೇ ಗಾಯದ ಗುರುತು. ಅವನು ಕೊಡುವ ಶಾಂತಿ ಏನೂ ಆಗದೆ ಹಾಯಾಗಿದ್ದವನ ಶಾಂತಿಯಲ್ಲ. ಎಲ್ಲ ಅನುಭವಿಸಿ, ಅದರಾಚೆಯಿಂದ ಎದ್ದು ಬಂದವನ ಶಾಂತಿ. ಆದ್ದರಿಂದಲೇ ಅದನ್ನು ಯಾವ ಕೆಟ್ಟ ಸುದ್ದಿಯೂ ಕಿತ್ತುಕೊಳ್ಳಲಾರದು.

ಶಿಷ್ಯರಿಗೆ ಸಂತೋಷವಾಯಿತು. ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು, ಅಲ್ವಾ? ಮುಂದೆ ಓದು. ಎಂಟು ದಿನವಾದ ಮೇಲೆ ಅದೇ ಜನ ಮತ್ತೆ ಒಳಗೆ. ಬಾಗಿಲು ಮತ್ತೆ ಭದ್ರ! ಕಣ್ಣಾರೆ ಕಂಡವರು, ಶಾಂತಿಯ ಮಾತನ್ನು ಕಿವಿಯಾರೆ ಕೇಳಿದವರು, ಒಂದು ವಾರಕ್ಕೇ ಚಿಲಕ ಹಾಕಿಕೊಂಡು ಕೂತಿದ್ದಾರೆ. ಯೇಸು ಬೈದನೇ? 'ಕಳೆದ ವಾರ ತಾನೇ ಕೊಟ್ಟಿದ್ದೆನಲ್ಲ, ಎಲ್ಲಿ ಕಳೆದಿರಿ' ಅಂತ ಕೇಳಿದನೇ? ಇಲ್ಲ. ಮತ್ತೆ ಬಂದ. ಮತ್ತೆ ಅದೇ ಮಾತು, ನಿಮಗೆ ಶಾಂತಿಯಾಗಲಿ. ಆ ಅಧ್ಯಾಯವೊಂದರಲ್ಲೇ ಮೂರು ಸಲ ಹೇಳಿದ್ದಾನೆ. ಉಳಿಯುವ ಶಾಂತಿ ಇದೆಯಾ ಅಂತ ಕೇಳಿದೆಯಲ್ಲ, ಇದೆ ತಂಗಿ. ಅದು ಉಳಿಯುವುದು ನಮ್ಮ ಮನಸ್ಸು ಕದಲದೆ ಇರುವುದರಿಂದ ಅಲ್ಲ, ಬೀಗ ಹಾಕಿದ ಬಾಗಿಲಿಗೂ ಅವನು ತಿರುಗಿ ಬರುವುದರಿಂದ.

ನಾವು ಒಂದು ತಪ್ಪು ಮಾಡುತ್ತೇವೆ. ಶಾಂತಿಯನ್ನು ಕೈಗೆ ಕೊಟ್ಟ ಗಾಜಿನ ಲೋಟ ಅಂದುಕೊಳ್ಳುತ್ತೇವೆ. ಬೀಳಿಸಬಾರದು, ಒಡೆಯಬಾರದು ಅಂತ ಹಗಲೂ ರಾತ್ರಿ ಅದನ್ನೇ ಕಾಯುತ್ತೇವೆ. ಇದೆಯಾ, ಇಲ್ವಾ, ನಿನ್ನೆಗಿಂತ ಕಮ್ಮಿ ಆಯ್ತಾ? ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಇದನ್ನು ತಲೆಕೆಳಗು ಮಾಡುತ್ತಾನೆ. ದೇವಶಾಂತಿಯನ್ನು ನೀವು ಕಾಯಿರಿ ಅನ್ನುವುದಿಲ್ಲ. ದೇವಶಾಂತಿಯೇ ನಿಮ್ಮ ಹೃದಯವನ್ನೂ ಯೋಚನೆಗಳನ್ನೂ ಕಾಯುತ್ತದೆ ಅನ್ನುತ್ತಾನೆ. ಅಲ್ಲಿ ಅವನು ಬಳಸಿದ ಗ್ರೀಕ್ ಪದ ಸೈನಿಕರು ಊರಿಗೆ ಕಾವಲು ನಿಲ್ಲುವುದಕ್ಕೆ ಹೇಳುವ ಪದ. ಫಿಲಿಪ್ಪಿಯ ಜನಕ್ಕೆ ಅದು ಚೆನ್ನಾಗಿ ಅರ್ಥವಾಗಿರಬೇಕು. ಕ್ರಿಸ್ತಪೂರ್ವ 42ರಲ್ಲಿ ಅಲ್ಲಿ ದೊಡ್ಡ ಯುದ್ಧ ನಡೆದು, ಆಮೇಲೆ ರೋಮ್ ತನ್ನ ಹಳೆಯ ಸೈನಿಕರನ್ನು ಆ ಊರಲ್ಲಿ ನೆಲೆಯೂರಿಸಿತ್ತು. ಪೌಲ ಇದನ್ನು ಬರೆಯುವಾಗ ತಾನೇ ಸೆರೆಯಲ್ಲಿದ್ದ. ಕಾವಲು ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾವಲು ಬೇಕಾಗುವುದು ಅಪಾಯ ಇರುವ ಕಡೆ. ಗೋಡೆಯಾಚೆ ಗಲಾಟೆ ಕೇಳಿಸಿತು ಅಂದ ಮಾತ್ರಕ್ಕೆ ಕಾವಲುಗಾರ ಹೋಗಿಬಿಟ್ಟ ಅಂತ ಅರ್ಥವಲ್ಲ. ಒಳಗಿರುವವರು ನಿದ್ದೆ ಮಾಡಿದರೂ ಅವನು ಎದ್ದಿರುತ್ತಾನೆ. ನಿದ್ದೆ ಬರದೆ ಹೊರಳಾಡಿದರೂ ಎದ್ದಿರುತ್ತಾನೆ.

ಇದೆಲ್ಲ ಪುಸ್ತಕದ ಮಾತು ಅನ್ನಿಸಬಾರದು ಅಂತ ನನ್ನದನ್ನು ಹೇಳುತ್ತೇನೆ. ನನ್ನ ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅವತ್ತು ಮನೆಗೆ ಬಂದಾಗ ಮೇಜಿನ ಮೇಲೆ ಅವರ ಕನ್ನಡಕ ಇತ್ತು. ಎಡಗಡೆಯ ಗಾಜಿನ ಮೇಲೆ ಹೆಬ್ಬೆರಳಿನ ಗುರುತು. ಜೀವಮಾನವಿಡೀ ಸಿಕ್ಕಿದ್ದನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿದವಳು ನಾನು. ಅದನ್ನು ಒರೆಸಲು ಕೈ ಬರಲಿಲ್ಲ. ತಿಂಗಳುಗಟ್ಟಲೆ ಆ ಗುರುತನ್ನು ನೋಡುತ್ತಾ ಕೂತಿದ್ದೇನೆ. ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು 88ನೇ ಕೀರ್ತನೆ ಒಂದೇ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಒಂದು ಸಮಾಧಾನಕ್ಕೆ ಬಂದು ನಿಲ್ಲುತ್ತವೆ. ಅದು ನಿಲ್ಲುವುದಿಲ್ಲ. ಇಬ್ರಿಯ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆ. ಅಂಥ ಪ್ರಾರ್ಥನೆಗೂ ದೇವರು ತನ್ನ ಪುಸ್ತಕದಲ್ಲಿ ಜಾಗ ಕೊಟ್ಟಿದ್ದಾನಲ್ಲ ಅನ್ನುವುದೊಂದೇ ನನಗೆ ಆಸರೆ. ದಿನಾ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಶಾಂತಿ ಬಂತಾ ಅಂದರೆ, ಇಲ್ಲ, ಅಳು ಬಂತು.

ಆರೇಳು ತಿಂಗಳಾದ ಮೇಲೆ ಒಂದು ರಾತ್ರಿ ವಾರ್ಡಿನಲ್ಲಿ ಒಬ್ಬರು ಹೋಗಿಬಿಟ್ಟರು. ಹೆಂಡತಿ ಹೊರಗೆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಏನೂ ಮಾತಾಡಲಿಲ್ಲ. ಮೊದಲಾಗಿದ್ದರೆ ಎರಡು ಸಮಾಧಾನದ ಮಾತು ಹೇಳಿ, ಕೆಲಸ ಇದೆ ಅಂತ ಎದ್ದುಹೋಗುತ್ತಿದ್ದೆ. ಅವತ್ತು ಓಡಿಹೋಗಬೇಕು ಅನ್ನಿಸಲಿಲ್ಲ. ಅವರ ಕೈ ನನ್ನ ಕೈಯಲ್ಲಿತ್ತು. ನನ್ನ ಕೈ ನಡುಗುತ್ತಿರಲಿಲ್ಲ. ಬೆಳಿಗ್ಗೆ ಡ್ಯೂಟಿ ಮುಗಿಸಿ ನಡೆದು ಬರುವಾಗ ಹೊಳೆಯಿತು, ಇಷ್ಟು ದಿನ ನನ್ನನ್ನು ಯಾರೋ ಬಿಡದೆ ಹಿಡಿದುಕೊಂಡಿದ್ದಾರೆ ಅಂತ. ಕಾವಲು ನನಗೆ ಗೊತ್ತಾಗದ ಹಾಗೆ ನಡೆದಿತ್ತು.

ಇನ್ನು ಇವತ್ತು ರಾತ್ರಿಯ ಮಾತು. ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡಬೇಡ. ಎದ್ದು ಕೂತುಕೋ. ಶಾಂತಿ ಕೊಡು ಅಂತ ಕೇಳುವ ಬದಲು ಭಯಗಳನ್ನೇ ಹೆಸರಿಟ್ಟು ಹೇಳು. 'ಅಪ್ಪನ ಆರೋಗ್ಯ. ನನ್ನ ಕೆಲಸ.' ಪೌಲ ಹೇಳುವುದೂ ಇದನ್ನೇ, ಬೇಕಾದ್ದನ್ನು ದೇವರಿಗೆ ತಿಳಿಸಿ, ಜೊತೆಗೆ ಒಂದು ಕೃತಜ್ಞತೆಯನ್ನೂ ಸೇರಿಸಿ ಅಂತ. ಉದ್ದ ಪ್ರಾರ್ಥನೆ ಬೇಡ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಮೂರು ಸಲವೂ ಅದೇ ಮಾತನ್ನು ಹೇಳಿ ಬೇಡಿಕೊಂಡ. ಅವತ್ತು ಅವನ ಜೀವ ಎಷ್ಟು ತಳಮಳಿಸಿತ್ತು ಅಂದರೆ, ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತಿತ್ತು ಅಂತ ಲೂಕ ಬರೆದಿದ್ದಾನೆ. ತಳಮಳವೇ ಅಪನಂಬಿಕೆ ಅನ್ನುವವರು ಆ ರಾತ್ರಿಯನ್ನು ಮರೆತಿದ್ದಾರೆ.

ಹಾಗೇ ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬಾ. ದಿನಾ ಒಂದೇ ಹೊತ್ತಿಗೆ ಎಚ್ಚರ, ಎದೆ ಬಡಿತ ಜಾಸ್ತಿ ಅಂದರೆ ಥೈರಾಯ್ಡ್, ರಕ್ತದ ಕೊರತೆ ಇಂಥದ್ದೂ ಇರಬಹುದು. ಮನಸ್ಸಿನ ಆತಂಕವೂ ಇರಬಹುದು. ಎಲ್ಲದಕ್ಕೂ ಚಿಕಿತ್ಸೆ ಇದೆ. ಮುಂದಿನ ಪತ್ರವನ್ನೂ ಓದು.

ಪ್ರಶ್ನೆ: ಸಿಸ್ಟರ್, ಖಿನ್ನತೆಗೆ ಒಂದೂವರೆ ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಪರವಾಗಿಲ್ಲ. ಆದರೆ ನಮ್ಮ ಪ್ರಾರ್ಥನಾ ಗುಂಪಿನಲ್ಲಿ ಕೆಲವರು 'ಯೇಸುವೇ ನಿನ್ನ ಶಾಂತಿ ಆಗಿದ್ದರೆ ಮಾತ್ರೆ ಯಾಕೆ, ನಂಬಿಕೆಯಿಂದ ನಿಲ್ಲಿಸು' ಅನ್ನುತ್ತಾರೆ. ನಿಲ್ಲಿಸಬೇಕಾ?
— ಒಬ್ಬ ಸಹೋದರ

ಉತ್ತರ: ಬೇಡ ತಮ್ಮಾ. ದಯವಿಟ್ಟು ಬೇಡ. ಈ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ವಿಪರೀತ ಕಳವಳ ಆಗಬಹುದು, ಹೋದ ಕಾಯಿಲೆ ಮರಳಿ ಬರಬಹುದು. ನಿಲ್ಲಿಸುವ ಕಾಲ ಬಂದಾಗ ಬರೆದುಕೊಟ್ಟ ಡಾಕ್ಟರೇ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಅದು ನಿಮ್ಮ ಮತ್ತು ಅವರ ನಡುವಿನ ತೀರ್ಮಾನ. ಪ್ರಾರ್ಥನಾ ಗುಂಪಿನದಲ್ಲ.

ಎಲೀಯನ ಕಥೆ ನಿಮಗೆ ಗೊತ್ತಿರುತ್ತದೆ. ಅರಸುಗಳು ಮೊದಲನೆಯ ಪುಸ್ತಕ, 19ನೇ ಅಧ್ಯಾಯ. ಸ್ವರ್ಗದಿಂದ ಬೆಂಕಿ ಇಳಿಸಿದ ಪ್ರವಾದಿ, ಸ್ವಲ್ಪದರಲ್ಲೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡುತ್ತಾನೆ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ. ದೂತನನ್ನು ಕಳಿಸಿದ. ದೂತ ಬಂದು ಮುಟ್ಟಿ ಎಬ್ಬಿಸಿ, ಏಳು, ಊಟ ಮಾಡು ಅಂದ. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ, ದಾರಿ ದೂರ ಇದೆ ಅಂತ. ದೇವರು ಮೆಲ್ಲನೆಯ ದನಿಯಲ್ಲಿ ಮಾತಾಡಿದ್ದು ಆಮೇಲೆ, ನಲವತ್ತು ದಿನ ಕಳೆದ ಮೇಲೆ. ದಣಿದ ದೇಹವನ್ನು ಮೊದಲು ನೋಡಿಕೊಂಡ. ಅದೂ ದೇವರ ಕೆಲಸವೇ.

ಲೂಕ ವೈದ್ಯನಾಗಿದ್ದ. ಪೌಲ ಅವನನ್ನು ಪ್ರಿಯ ವೈದ್ಯ ಅಂತ ಕರೆಯುತ್ತಾನೆ. ಹೊಟ್ಟೆಯ ತೊಂದರೆ ಇದ್ದ ತನ್ನ ಜೊತೆಗಾರ ತಿಮೊಥೆಗೆ ನೀರು ಮಾತ್ರ ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸವನ್ನೂ ತೆಗೆದುಕೋ ಅಂತ ಅದೇ ಪೌಲ ಬರೆಯುತ್ತಾನೆ, ನಂಬಿಕೆ ಕಮ್ಮಿಯಾಯಿತು ಅಂತ ಬೈಯುವುದಿಲ್ಲ. ರಾತ್ರಿ ಮಾತ್ರೆ ಕೈಗೆ ತೆಗೆದುಕೊಂಡಾಗ ದೇವರಿಗೆ ವಂದನೆ ಹೇಳಿ ನುಂಗಿ. ಗುಂಪಿನಲ್ಲಿ ಮತ್ತೆ ಯಾರಾದರೂ ಕೇಳಿದರೆ ಎಲೀಯನ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಿ. ಆದರೂ ಒತ್ತಾಯ ನಿಲ್ಲದಿದ್ದರೆ ಬೇರೆ ಗುಂಪು ಹುಡುಕಿಕೊಳ್ಳಿ.

ಪ್ರಶ್ನೆ: ನನಗೆ ಎಪ್ಪತ್ತೊಂದು ವರ್ಷ ತಾಯಿ. ಒಡಹುಟ್ಟಿದ ತಮ್ಮ ನನ್ನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ. ಅಪ್ಪ ಬಿಟ್ಟುಹೋದ ಮನೆಯ ವಿಷಯ. ತಪ್ಪು ನನ್ನದೂ ಇತ್ತು. ಎರಡು ಸಲ ಹೋಗಿ ಕ್ಷಮೆ ಕೇಳಿದೆ, ಬಾಗಿಲು ತೆಗೆಯಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಅಂತ ಯೇಸು ಹೇಳಿದ್ದಾನಲ್ಲ. ಒಂದಾಗಲು ಆಗಲಿಲ್ಲ. ಹಾಗಾದರೆ ನನಗೆ ದೇವರ ಶಾಂತಿ ಇಲ್ಲವೇ? ಸಮಾಧಾನ ಇಲ್ಲದೆ ಸಾಯುತ್ತೇನಾ?
— ಒಬ್ಬ ಅಕ್ಕ

ಉತ್ತರ: ಅಮ್ಮಾ, ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ತುಂಬಾ ಹೊತ್ತು ಕಾಡಿತು.

ಯೇಸು ಹೇಳಿದ್ದು ಹೋಗು ಅಂತ. ನೀವು ಹೋದಿರಿ. ಒಂದಲ್ಲ, ಎರಡು ಸಲ. ಎಪ್ಪತ್ತು ದಾಟಿದ ಅಕ್ಕ ತಮ್ಮನ ಬಾಗಿಲ ಮುಂದೆ ನಿಂತು ತಪ್ಪಾಯಿತು ಅನ್ನುವುದು ಸಣ್ಣ ಮಾತಲ್ಲ. ಬಾಗಿಲು ತೆಗೆಯುವುದು ನಿಮ್ಮ ಕೈಯಲ್ಲಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಎಲ್ಲರ ಸಂಗಡ ಸಮಾಧಾನದಿಂದಿರಿ ಅನ್ನುವ ಮುಂಚೆ ಪೌಲ ಎರಡು ಮಾತು ಸೇರಿಸುತ್ತಾನೆ. ಸಾಧ್ಯವಾದರೆ. ನಿಮ್ಮಿಂದ ಆಗುವಷ್ಟು. ಆ ಎರಡು ಮಾತು ನಿಮಗೋಸ್ಕರವೇ ಇದೆ. ಕ್ಷಮಿಸುವುದಕ್ಕೆ ಒಬ್ಬರು ಸಾಕು. ಒಂದಾಗುವುದಕ್ಕೆ ಇಬ್ಬರು ಬೇಕು. ನಿಮ್ಮ ಪಾಲಿನದನ್ನು ನೀವು ಮಾಡಿದ್ದೀರಿ.

ಮೊದಲ ತಂಗಿಗೆ ಹೇಳಿದ ಫಿಲಿಪ್ಪಿ ಪತ್ರದ ಆ ಅಧ್ಯಾಯದಲ್ಲೇ, ಶಾಂತಿಯ ವಚನಕ್ಕೆ ಸ್ವಲ್ಪ ಮೇಲೆ, ಇಬ್ಬರು ಹೆಂಗಸರ ಹೆಸರು ಬರುತ್ತದೆ. ಯುವೊದ್ಯ ಮತ್ತು ಸಂತುಕೆ. ಇಬ್ಬರ ನಡುವೆ ಏನೋ ಒಡಕು. ಒಂದೇ ಮನಸ್ಸಿನಿಂದಿರಿ ಅಂತ ಪೌಲ ಇಬ್ಬರನ್ನೂ ಬೇಡಿಕೊಳ್ಳುತ್ತಾನೆ. ಜಗಳ ಯಾತಕ್ಕೆ ಬಂತು ಅಂತ ಬರೆದಿಲ್ಲ. ಆಮೇಲೆ ಒಂದಾದರಾ ಅಂತಲೂ ಇಲ್ಲ. ಆದರೆ ಇವರು ನನ್ನ ಜೊತೆ ಸುವಾರ್ತೆಗಾಗಿ ಹೋರಾಡಿದವರು ಅಂತ ಪ್ರೀತಿಯಿಂದ ನೆನೆದು, ಅದೇ ಉಸಿರಿನಲ್ಲಿ ಜೀವಪುಸ್ತಕದಲ್ಲಿರುವ ಹೆಸರುಗಳ ಮಾತು ತೆಗೆಯುತ್ತಾನೆ. ಜಗಳ ಇನ್ನೂ ಮುಗಿಯದೆ ಇದ್ದವರಿಗೇ ಆ ಶಾಂತಿಯ ವಚನ ಓದಿ ಹೇಳಿದ್ದು, ಅಮ್ಮಾ.

ತಮ್ಮ ಬಂದು ಮಾತಾಡುವ ತನಕ ನಿಮ್ಮೊಳಗೆ ಒಂದು ನೋವು ಇದ್ದೇ ಇರುತ್ತದೆ. ಅದು ಹೋಗಬೇಕು ಅಂತ ನಾನು ಹೇಳುವುದಿಲ್ಲ. ಪ್ರೀತಿ ಇರುವುದಕ್ಕೇ ಅದು ನೋಯುತ್ತಿದೆ. ಆದರೆ ದೇವರ ಜೊತೆ ನಿಮಗಿರುವ ಸಮಾಧಾನ ತಮ್ಮನ ಬಾಗಿಲಿಗೆ ತೂಗುಹಾಕಿದ್ದಲ್ಲ. ಅದನ್ನು ಕ್ರಿಸ್ತನು ಶಿಲುಬೆಯಲ್ಲಿ ಮಾಡಿ ಮುಗಿಸಿದ್ದಾನೆ. ನೀವು ಹೆದರದೆ ಪ್ರಾರ್ಥನೆಗೆ ಕೂರಬಹುದು.

ಇನ್ನೊಂದು ಕೆಲಸ ಮಾಡಿ. ತಮ್ಮನಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಮನೆಯ ಮಾತು ಬೇಡ, ಕ್ಷಮೆಯ ಮಾತೂ ಮತ್ತೆ ಬೇಡ, ಅದನ್ನು ಹೇಳಿಯಾಗಿದೆ. ಚಿಕ್ಕವರಿದ್ದಾಗ ನಡೆದ ಒಂದು ವಿಷಯ ಬರೆಯಿರಿ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವಂಥದ್ದು. ಉತ್ತರ ಬರೆ ಅಂತ ಕೇಳಬೇಡಿ. ನಿಮ್ಮ ವಿಳಾಸ ಮಾತ್ರ ಸ್ಪಷ್ಟವಾಗಿರಲಿ.

ತಮ್ಮನ ಹೆಸರು ನಿಮ್ಮ ಪತ್ರದಲ್ಲಿತ್ತು. ಇಲ್ಲಿ ಹಾಕಿಲ್ಲ. ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಿಮ್ಮಿಬ್ಬರ ಹೆಸರನ್ನೂ ಒಟ್ಟಿಗೆ ಹೇಳುತ್ತಿದ್ದೇನೆ.